ಹೋಗದ ಹಾಗೆ ಕಟ್ಟಿದ ಫ್ಯೂಸು

ಕಾರಿನ ಬಾನೆಟ್ ಮೇಲೆ ಕುಳಿತವರನ್ನು ಕಂಡರೆ ನನಗಾಗುವುದಿಲ್ಲ. ಆ ಕೆಂಪು ಕಾರು ನನ್ನ ಮಳಿಗೆಯ ಮುಂದೆ ಬಂದು ನಿಂತ ಬೆಳಿಗ್ಗೆ ಅದರ ಬಾನೆಟ್ ಮೇಲೆ ಒಬ್ಬ ಕುಳಿತಿದ್ದ, ಬಾಗಿಲಿಗೆ ಒರಗಿ ಇಬ್ಬರು ನಿಂತಿದ್ದರು. ಕೆಲಸ ಏನೆಂದು ಕೇಳುವ ಮೊದಲೇ ನನಗೆ ಸಿಟ್ಟು ಬಂದಿತ್ತು. "ಮೊದ್ಲು ಕೆಳಗಿಳೀರಿ, ಅದೇನು ನಿಮ್ಮನೆ ಜಗಲೀನಾ?" ಎಂದೆ. ಇಳಿದರು, ಆದರೆ ನಗುತ್ತಾ ಇಳಿದರು. ಕೆಲಸ ನಡೆದಷ್ಟು ದಿನವೂ ಆ ನಗು ನನ್ನ ಬೆನ್ನ ಹಿಂದೆಯೇ ಇತ್ತು.

ಕಾರು ನನ್ನ ಮಳಿಗೆಯ ಮಾಲೀಕರ ಕಿರಿಯ ಮಗನದು. ಮಾಲೀಕರು ದೊಡ್ಡಬಳ್ಳಾಪುರದಲ್ಲಿ ಹೆಸರಿದ್ದ ಸೀರೆ ವ್ಯಾಪಾರಿ. ಊರು ಅವರನ್ನು ಯಜಮಾನರು ಎನ್ನುತ್ತಿತ್ತು, ಮಗನನ್ನು ಚಿಕ್ಕ ಯಜಮಾನರು. ಅವರ ಕಟ್ಟಡದ ಮುಂದುಗಡೆ ಸಾಲಾಗಿ ಮಳಿಗೆಗಳು, ಹಿಂದೆ ಪವರ್‌ಲೂಮ್ ಶೆಡ್, ಮೇಲೆ ಮನೆ. ಕೊನೆಯ ಮಳಿಗೆಯಲ್ಲಿ ನನ್ನ ಆಟೋ ಎಲೆಕ್ಟ್ರಿಕಲ್ ಅಂಗಡಿ. ಶೆಡ್ಡಿಗೂ ನನಗೂ ನಡುವೆ ಒಂದೇ ಗೋಡೆ. ಮಗ್ಗಗಳು ಓಡುವಾಗ ನನ್ನ ಹಲಗೆಯ ಮೇಲಿನ ಬಲ್ಬುಗಳು ನಡುಗುತ್ತಿದ್ದವು. ಆದರೂ ಆ ಜಾಗ ನನಗೆ ಚಿನ್ನ. ಬಸ್ ನಿಲ್ದಾಣ ಕೂಗಳತೆ ದೂರ, ಲಾರಿ ನಿಲ್ಲುವ ಬಯಲು ಎದುರಿಗೇ. ಡೈನಮೋ, ಸೆಲ್ಫ್ ಮೋಟಾರು, ಹಾರನ್ನು ಎಂದು ಡ್ರೈವರುಗಳು ಹುಡುಕಿಕೊಂಡು ಬರುತ್ತಿದ್ದದ್ದು ನನ್ನನ್ನಲ್ಲ, ಆ ಮೂಲೆಯನ್ನು. ಆ ಮೂಲೆ ಕೈತಪ್ಪಿದರೆ ನನ್ನ ಕಸುಬು ಮೊದಲಿನಿಂದ ಶುರುವಾಗಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕ ಯಜಮಾನನಿಗೂ ಗೊತ್ತಿತ್ತು.

ತೊಂಬತ್ತರ ದಶಕದ ಕೊನೆ ಅದು. ನಮ್ಮ ಕಡೆ ಕಾರೆಂದರೆ ಅಂಬಾಸಿಡರ್, ಫಿಯೆಟ್, ಹೆಚ್ಚೆಂದರೆ ಮಾರುತಿ. ಎರಡೇ ಸೀಟಿನ, ನೆಲಕ್ಕಂಟಿಕೊಂಡ ಸ್ಪೋರ್ಟ್ಸ್ ಕಾರನ್ನು ನಾನು ಮುಟ್ಟಿ ನೋಡಿದ್ದು ಅದೇ ಮೊದಲು. ಮುಂಬೈಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದ. ಸೀಟಿನ ಮೇಲೆ ರಟ್ಟಿನ ಡಬ್ಬಗಳು: ಕ್ಯಾಸೆಟ್ ಡೆಕ್ಕು, ಎರಡು ಜೊತೆ ಸ್ಪೀಕರು, ಇಟ್ಟಿಗೆಗಿಂತ ದಪ್ಪನೆಯ ಒಂದು ಆಂಪ್ಲಿಫೈಯರು.

"ಗುರು, ಬರೋ ಷಷ್ಠಿಗೆ ಘಾಟಿ ದೇವಸ್ಥಾನಕ್ಕೆ ಹೋಗ್ಬೇಕು. ಮಗೂಗೆ ಮುಡಿ ತೆಗೆಸೋದಿದೆ. ಅಷ್ಟ್ರೊಳಗೆ ಆಗ್ಬೇಕು. ಸೌಂಡು ಹೆಂಗಿರ್ಬೇಕು ಅಂದ್ರೆ ಎದೆ ನಡುಗ್ಬೇಕು" ಎಂದ ಚಿಕ್ಕ ಯಜಮಾನ.

"ಮಗು ಎದೇನಾ?" ಎಂದೆ. ಅದಕ್ಕೂ ನಕ್ಕರು.

ಬೇಡವೆನ್ನಬಹುದಿತ್ತು. ಎನ್ನಲಿಲ್ಲ. ಮಾಲೀಕರ ಮಗ ಎನ್ನುವುದು ಒಂದು. ಅಂಥ ಆಂಪ್ಲಿಫೈಯರನ್ನು ಬಿಚ್ಚಿ ಕೂರಿಸುವ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಮಟಡೋರ್ ವ್ಯಾನುಗಳಿಗೆ ಟೇಪ್ ರೆಕಾರ್ಡರ್ ಹಾಕಿ ಹಾಕಿ ಬೇಸತ್ತಿದ್ದೆ.

ಮೊದಲು ಡ್ಯಾಶ್‌ಬೋರ್ಡಿನ ಕೆಲಸ. ಹಳೆಯ ರೇಡಿಯೋದ ಕಿಂಡಿ ಹೊಸ ಡೆಕ್ಕಿಗೆ ಸಾಲದು. ಗರಗಸ ಇಟ್ಟರೆ ಪ್ಲಾಸ್ಟಿಕ್ ಸೀಳುತ್ತದೆ ಎಂದು ಅರದಿಂದ ಉಜ್ಜಿ ಉಜ್ಜಿ ಕಿಂಡಿ ದೊಡ್ಡದು ಮಾಡಿದೆ. ಆಂಪ್ಲಿಫೈಯರಿಗೆ ಸೀಟುಗಳ ಹಿಂದಿನ ಹಲಗೆ ಬಿಟ್ಟರೆ ಜಾಗವೇ ಇರಲಿಲ್ಲ. ಹಲಗೆಯ ಆಚೆ ಬದಿ ಪೆಟ್ರೋಲ್ ಟ್ಯಾಂಕು. ಉದ್ದನೆಯ ಮೊಳೆ ಹಾಕಿದರೆ ನೇರ ಟ್ಯಾಂಕಿಗೇ ಇಳಿಯುತ್ತದೆ ಎಂದು ಅಡ್ಡಪಟ್ಟಿ ಕೊಟ್ಟು, ಚಿಕ್ಕ ಸ್ಕ್ರೂ ಹಾಕಿ ಬಿಗಿದೆ. ಮುಂದಿನ ಬ್ಯಾಟರಿಯಿಂದ ಹಿಂದಿನ ಆಂಪ್ಲಿಫೈಯರ್ ತನಕ ಒಂದು ದಪ್ಪ ವೈರು ಎಳೆಯಬೇಕು. ಎಂಜಿನ್ನಿಗೂ ಒಳಗಿನ ಜಾಗಕ್ಕೂ ಮಧ್ಯದ ಗೋಡೆಯಲ್ಲಿ ತೂತು ಕೊರೆದು, ಅಂಚು ವೈರನ್ನು ಕೊಯ್ಯದಂತೆ ರಬ್ಬರ್ ಬಳೆ ಕೂರಿಸಿ, ಎಡಗಡೆ ಕಾರ್ಪೆಟ್ಟಿನ ಕೆಳಗೆ ಆ ವೈರನ್ನು ತಂದೆ. ಡೆಕ್ಕಿನಿಂದ ಹಾಡು ಹೊತ್ತು ಬರುವ ತೆಳು ವೈರುಗಳನ್ನು ಬಲಗಡೆಯಿಂದ. ಎರಡೂ ಪಕ್ಕಪಕ್ಕ ಓಡಿದರೆ ಸ್ಪೀಕರಿನಲ್ಲಿ ಗೊರಗೊರ ಬರುತ್ತದೆ. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ಫ್ಯೂಸು ಹಾಕಿದೆ. ವೈರು ಎಲ್ಲಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ, ಇಲ್ಲವೇ ತಡೆಯಲಾರದಷ್ಟು ಕರೆಂಟು ಎಳೆದರೆ, ಮೊದಲು ಆ ಫ್ಯೂಸು ಸಾಯಬೇಕು. ಅದು ಸಾಯುವುದಕ್ಕೆಂದೇ ಇರುವುದು.

ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಸದ್ದೇ ಇಲ್ಲ. ಡೆಕ್ಕಿನ ದೀಪ ಉರಿಯಿತು, ಕ್ಯಾಸೆಟ್ ತಿರುಗಿತು, ಆಂಪ್ಲಿಫೈಯರ್ ಮಾತ್ರ ಸತ್ತ ಹಾಗೆ ಕುಳಿತಿತ್ತು. ವೈರುಗಳನ್ನು ಮತ್ತೆ ಬಿಚ್ಚಿದೆ, ಮತ್ತೆ ಕಟ್ಟಿದೆ. ಹಿಂದೆ ಮೂವರೂ ಟೀ ಕುಡಿಯುತ್ತಾ ನಿಂತಿದ್ದರು. "ಗುರುಗೆ ಲಾರೀನೇ ಸರಿ ಕಣೋ" ಎಂದ ಒಬ್ಬ. ನನ್ನ ಕಿವಿ ಬಿಸಿಯಾಯಿತು. ಹಾಳಾದ್ದು, ಕೊನೆಗೆ ಬೆರಳಿನಿಂದ ಬಾಡಿ ತಟ್ಟಿ ನೋಡಿದಾಗ ಹೊಳೆಯಿತು. ಠಣ್ ಎನ್ನಲಿಲ್ಲ, ಡಬ್ ಎಂದಿತು. ಇಡೀ ಬಾಡಿ ಫೈಬರ್! ಲಾರಿಯಲ್ಲಾದರೆ ಎಲ್ಲಿ ಬೇಕಾದರೂ ಬಾಡಿಗೆ ಒಂದು ಸ್ಕ್ರೂ ಹೊಡೆದು ಅರ್ತ್ ಕೊಟ್ಟರಾಯಿತು, ಕರೆಂಟು ಕಬ್ಬಿಣದ ಮೂಲಕ ಬ್ಯಾಟರಿಗೆ ವಾಪಸು ಹೋಗುತ್ತದೆ. ಫೈಬರಿನಲ್ಲಿ ಅದು ಎಲ್ಲಿಗೆ ಹೋಗಬೇಕು? ನಾನು ಮನೆ ಗೋಡೆಗೆ ಅರ್ತ್ ಕೊಟ್ಟವನ ಹಾಗೆ ಕೂತಿದ್ದೆ. ನನ್ನ ಮೇಲೇ ನನಗೆ ಎಷ್ಟು ಸಿಟ್ಟು ಬಂತೆಂದರೆ ಸ್ಕ್ರೂಡ್ರೈವರನ್ನು ಬಿಸಾಡಿ ಹೋಗಿ ಟೀ ಕುಡಿದು ಬಂದೆ.

ವಾಪಸು ಬಂದು ಸೀಟಿನ ಕಂಬಿಯ ಬೋಲ್ಟು ಹಿಡಿದು ಕೆಳಗಿನ ಕಬ್ಬಿಣದ ಚಾಸಿಗೆ ಅರ್ತ್ ಕೊಟ್ಟೆ. ಹಾಡು ಬಂತು. ಹಾಡಿನ ಜೊತೆಗೆ ಕುಂಯ್ ಎನ್ನುವ ಕೊರಗೂ ಬಂತು. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಚಿಕ್ಕ ಯಜಮಾನನಿಗೆ ಅದೇ ಆಟವಾಯಿತು. ಒತ್ತುವುದು, ಬಿಡುವುದು, ಒತ್ತುವುದು. "ಇಳೀರಿ ಸ್ವಾಮಿ ಒಂದ್ಗಳಿಗೆ, ಕೈ ಮುಗೀತೀನಿ" ಎಂದು ನಿಜವಾಗಿಯೂ ಕೈ ಮುಗಿದೆ. ಡೆಕ್ಕಿಗೆ ಒಂದು ಕಡೆ ಅರ್ತ್, ಆಂಪ್ಲಿಫೈಯರಿಗೆ ಇನ್ನೊಂದು ಕಡೆ, ಅದೇ ತೊಂದರೆ. ಚಾಸಿಯ ಮೇಲೆ ಒಂದೇ ಜಾಗ ಆರಿಸಿ, ಬಣ್ಣವನ್ನು ಹೊಳೆಯುವ ತನಕ ಕೆರೆದು, ಎರಡರ ಅರ್ತನ್ನೂ ಅಲ್ಲಿಗೇ ತಂದು ಬಿಗಿದೆ. ಕೊರಗು ಕತ್ತರಿಸಿದಂತೆ ನಿಂತಿತು. ಅಷ್ಟು ಶುದ್ಧವಾದ ಹಾಡನ್ನು ಕಾರಿನೊಳಗೆ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಒಂದು ನಿಮಿಷ ಸಿಟ್ಟೆಲ್ಲ ಮರೆತಿದ್ದೆ.

"ಕೇಳಿಸ್ತಾನೇ ಇಲ್ವಲ್ಲ ಗುರು" ಎಂದ ಚಿಕ್ಕ ಯಜಮಾನ.

ಹೇಗೆ ಕೇಳಿಸಬೇಕು? ಗೋಡೆಯ ಆಚೆ ಮಗ್ಗಗಳು ಬಡಿಯುತ್ತಿವೆ. ಆತ ಹುಟ್ಟಿದ್ದೇ ಆ ಸದ್ದಿನಲ್ಲಿ. ನಮ್ಮ ಊರಿನಲ್ಲಿ ನೇಯುವ ಮನೆಯವರು ಮಾತಾಡುವುದೇ ಕೂಗಿ. ನಾನೂ ನೇಯುವ ಮನೆಯವನೇ. ಕಾರನ್ನು ಘಾಟಿ ರಸ್ತೆಯಲ್ಲಿ ಊರಾಚೆಗೆ ಒಯ್ದು, ಕೆರೆ ಏರಿಯ ಮೇಲೆ ನಿಲ್ಲಿಸಿ, ಅಲ್ಲಿ ಸದ್ದಿನ ಅಳತೆ ಇಟ್ಟೆ. ಆಂಪ್ಲಿಫೈಯರಿನ ತಿರುಪನ್ನು ಅರ್ಧಕ್ಕೆ ನಿಲ್ಲಿಸಿ, "ಇದ್ರ ಮೇಲೆ ಕೈ ಹಾಕ್ಬೇಡಿ" ಎಂದು ಹೇಳಿ ಒಪ್ಪಿಸಿದೆ.

ಮಾರನೇ ದಿನವೇ ಫ್ಯೂಸು ಹೋಗಿತ್ತು. ನೋಡಿದರೆ ತಿರುಪು ಪೂರ್ತಿ ತಿರುಗಿದೆ, ಗೆಳೆಯನೊಬ್ಬ ಸಿಟಿಯಿಂದ ತಂದ ಇನ್ನೊಂದು ಜೊತೆ ಸ್ಪೀಕರನ್ನು ಅದೇ ತಂತಿಗಳಿಗೆ ಸುತ್ತಿದ್ದಾರೆ. ಅವನ್ನು ಕಿತ್ತು ಕೈಗೆ ಕೊಟ್ಟೆ. ಇಷ್ಟು ಸ್ಪೀಕರ್ ಬೇಕಾದರೆ ಇನ್ನೂ ದಪ್ಪ ವೈರು ಬೇಕು, ಷಷ್ಠಿ ಕಳೆದ ಮೇಲೆ ತನ್ನಿ, ಎಳೆದು ಕೊಡುತ್ತೇನೆ ಎಂದೆ. ಹೊಸ ಫ್ಯೂಸು ಹಾಕಿದೆ. ಮತ್ತೆ ಹೋಯಿತು. ಮತ್ತೆ ಸ್ಪೀಕರ್ ಸುತ್ತಿದ್ದರು. ಈ ಸಲ ನಾನು ಬೈದೇ ಬಿಟ್ಟೆ. "ನಿಮ್ಗೆ ಒಂದ್ಸಲ ಹೇಳಿದ್ರೆ ಕನ್ನಡ ಅರ್ಥ ಆಗಲ್ವಾ?" ಆತ ನಗಲಿಲ್ಲ. "ಮಳಿಗೇಲಿ ಕೂತ್ಕೊಂಡು ಜಾಸ್ತಿ ಮಾತಾಡ್ಬೇಡ ಗುರು" ಎಂದು ಕಾರು ತೆಗೆದುಕೊಂಡು ಹೋದ. ಆಮೇಲೆ ಬರಲಿಲ್ಲ. ಫ್ಯೂಸು ಹೋಗಿದೆ ಎಂಬ ದೂರೂ ಬರಲಿಲ್ಲ. ಬುದ್ಧಿ ಬಂತು ಅಂದುಕೊಂಡೆ.

ಷಷ್ಠಿಯ ಬೆಳಿಗ್ಗೆ ಕಟ್ಟಡದ ಮುಂದೆ ಮನೆಮಂದಿಯೆಲ್ಲ ಹೊರಟು ನಿಂತಿದ್ದರು. ಹೆಂಗಸರು ಹಿರಿಯರಿಗೆ ವ್ಯಾನು. ಚಿಕ್ಕ ಯಜಮಾನ, ಅವನ ಹೆಂಡತಿ, ಮುಡಿ ಕೊಡಬೇಕಾದ ಮಗು ಕೆಂಪು ಕಾರಿನಲ್ಲಿ. ಆತ ನನ್ನ ಅಂಗಡಿಗೆ ಬಂದು, ಏನೂ ಆಗೇ ಇಲ್ಲ ಎನ್ನುವವನಂತೆ, "ಹಾಡು ಹಾಕಿದ್ರೆ ಹೆಡ್‌ಲೈಟು ಮಂಕಾಗುತ್ತೆ, ಸ್ವಲ್ಪ ನೋಡು" ಎಂದ. ಹಿಂದೆ ಮಗುವನ್ನು ಎತ್ತಿಕೊಂಡಿದ್ದ ಹೆಂಡತಿ ಮೆಲ್ಲಗೆ, "ನಿನ್ನೆಯಿಂದ ಒಂಥರಾ ಸುಟ್ಟ ವಾಸ್ನೇನೂ ಬರ್ತಿದೆ ಅಣ್ಣ" ಎಂದಳು. "ಏನಿಲ್ಲ, ಹೊಸ ಕಾರ್ಪೆಟ್ ವಾಸ್ನೆ" ಎಂದ ಆತ.

ಎಡಗಡೆ ಸೀಟಿನ ಕಾರ್ಪೆಟ್ ಎತ್ತಿ ವೈರಿನ ಮೇಲೆ ಬೆರಳಿಟ್ಟೆ. ತಕ್ಷಣ ತೆಗೆದೆ. ಕಾರು ನಿಲ್ಲಿಸಿ ಎಷ್ಟು ಹೊತ್ತಾಗಿತ್ತೋ, ಇನ್ನೂ ಬಿಸಿಯಿತ್ತು. ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ, ಹೊಳೆಯುತ್ತಾ, ಕಾರ್ಪೆಟ್ಟಿನ ನಾರನ್ನು ಅಂಟಿಸಿಕೊಂಡಿತ್ತು. ಟ್ಯಾಂಕಿನ ಹಲಗೆಯ ಹತ್ತಿರ ಬಾಗಿದ ಜಾಗದಲ್ಲಿ ಒಳಗಿನ ತಾಮ್ರ ಇಣುಕುತ್ತಿತ್ತು. ಓಡಿ ಹೋಗಿ ಬಾನೆಟ್ ಎತ್ತಿದೆ. ಫ್ಯೂಸಿನ ಗೂಡು ಕರಗಿ ಸೊಟ್ಟಗಾಗಿದೆ. ಬಿಚ್ಚಿದೆ. ಒಳಗೆ ಫ್ಯೂಸಿಲ್ಲ. ತಾಮ್ರದ ಎಳೆಗಳನ್ನು ಜಡೆಯ ಹಾಗೆ ಹೊಸೆದು, ಎರಡೂ ತುದಿಗೆ ಚೆಂದವಾಗಿ ಕುಣಿಕೆ ಮಾಡಿ ಕೂರಿಸಿದೆ.

ಆ ಹೊಸೆಯುವಿಕೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಅದು ಮಗ್ಗದ ಶೆಡ್ಡಿನ ಕೆಲಸ. ಬೋರ್ಡಿನ ಪಿಂಗಾಣಿ ಫ್ಯೂಸು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಸೀರೆ ನಿಲ್ಲುತ್ತದೆ. ಹಾಗಾಗಿ ನಮ್ಮೂರ ಶೆಡ್ಡುಗಳಲ್ಲಿ ಫ್ಯೂಸು ಹೋಯಿತೆಂದರೆ ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ, ಎರಡು ಎಳೆ ಜಾಸ್ತಿ ಹಾಕುತ್ತಾರೆ. ಮತ್ತೆ ಹೋದರೆ ಇನ್ನೆರಡು. ಹೋಗದ ಹಾಗೆ ಕಟ್ಟುವವನೇ ಒಳ್ಳೆಯ ಮೇಸ್ತ್ರಿ. ನಮ್ಮ ದೊಡ್ಡಮ್ಮನ ಶೆಡ್ಡಿನಲ್ಲಿ ಅಂಥದೊಂದು ಫ್ಯೂಸು ಹೋಗದೆ ನಿಂತು ಮೋಟಾರಿನ ವೈರು ಹೊತ್ತಿಕೊಂಡಿತ್ತು. ಮಗ್ಗದ ಬೀಮಿಗೆ ಸುತ್ತಿದ್ದ ರೇಷ್ಮೆಯನ್ನು ಉಳಿಸಲು ಹೋದ ದೊಡ್ಡಮ್ಮನ ಎರಡೂ ಕೈ ಬೆರಳುಗಳು ಸುಟ್ಟು ಒಂದಕ್ಕೊಂದು ಅಂಟಿಹೋದವು. ಊಟವನ್ನು ಯಾರಾದರೂ ಬಾಯಿಗಿಡಬೇಕು. ಆ ಜಡೆಯನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಬಂದ ಸಿಟ್ಟು ಕಾರಿನ ಸಿಟ್ಟಲ್ಲ.

"ಯಾರ್ ಕಟ್ಟಿದ್ದು ಇದನ್ನ?" ಎಂದು ಕಿರುಚಿದೆ.

ಶೆಡ್ಡಿನ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಒಳ್ಳೆಯ ಮನುಷ್ಯ. ಗಾಬರಿಯಿಂದ, "ನಾನೇ ಅಣ್ಣ. ಪದೇ ಪದೇ ಹೋಗ್ತಿತ್ತಂತೆ. ಹೋಗದಂಗೆ ಮಾಡ್ಕೊಟ್ಟೆ" ಎಂದ. ಹೇಳುವಾಗ ಅವನ ದನಿಯಲ್ಲಿ ಒಳ್ಳೆಯ ಕೆಲಸ ಮಾಡಿದ ಹೆಮ್ಮೆ ಇನ್ನೂ ಇತ್ತು.

"ಕಾರು ತಗೊಂಡೋಗಿ" ಎಂದೆ ಚಿಕ್ಕ ಯಜಮಾನನಿಗೆ. "ಹಾಡಿಲ್ದೆ ಹೋಗಿ. ಬಂದ್ಮೇಲೆ ಹೊಸ ವೈರು ಎಳೀತೀನಿ."

"ಆಗಲ್ಲ. ದೇವನಹಳ್ಳಿಯಿಂದ ಫ್ರೆಂಡ್ಸು ಬಂದು ಘಾಟೀಲಿ ಕಾಯ್ತಿದ್ದಾರೆ. ಅದನ್ನ ವಾಪಸ್ ಹಾಕು."

"ಹಾಕಲ್ಲ."

"ಯಾರ ಮಳಿಗೇಲಿ ನಿಂತಿದ್ದೀಯ ಗೊತ್ತಾ?"

"ನಿಮ್ಮಪ್ಪಂದು. ವೈರು ಎಳೆದಿರೋದು ನಾನು."

ಗಲಾಟೆ ಕೇಳಿ ಯಜಮಾನರು ವ್ಯಾನಿನಿಂದ ಇಳಿದು ಬಂದರು. ಜರಿ ಶಲ್ಯ, ಹಣೆಯಲ್ಲಿ ಕುಂಕುಮ. ಅವರು ಯಾರ ಮೇಲೂ ದನಿ ಎತ್ತುವವರಲ್ಲ. "ನೋಡಪ್ಪಾ, ಶುಭಕ್ಕೆ ಹೊರಟಿದ್ದೀವಿ. ಇದೊಂದಿನ ಹೋಗ್ಬರ್ಲಿ, ನಾಳೆ ನಿಧಾನಕ್ಕೆ ಸರಿ ಮಾಡು. ಇಷ್ಟು ದಿನ ಏನೂ ಆಗಿಲ್ವಲ್ಲ. ಇವತ್ತೇ ಹೊತ್ಕೊಳ್ಳುತ್ತೆ ಅಂತೀಯಾ?"

"ಗೊತ್ತಿಲ್ಲ ಯಜಮಾನ್ರೇ. ಹೊತ್ಕೊಂಡ್ಮೇಲೆ ಗೊತ್ತಾಗುತ್ತೆ."

ಅವರ ಮುಖ ಬಿಗಿಯಿತು. ಹೊರಟ ಹೊತ್ತಿನಲ್ಲಿ ಆಡಬಾರದ ಮಾತು ಅದು, ನನಗೆ ಗೊತ್ತು. ಆದರೆ ಆಡಬೇಕಾದ ಮಾತೂ ಅದೇ. "ಮೇಸ್ತ್ರಿ, ನೀನು ಕಟ್ಟಪ್ಪ" ಎಂದರು ಅವರು. ಕೈಯಲ್ಲಿದ್ದ ಜಡೆಯನ್ನು ನಾನು ಮೋರಿಗೆ ಎಸೆದೆ, ಕಟಿಂಗ್ ಪ್ಲೇಯರಿನಿಂದ ಬ್ಯಾಟರಿಯ ಹತ್ತಿರ ವೈರನ್ನೂ ಕತ್ತರಿಸಿದೆ. ಯಜಮಾನರು ನನ್ನನ್ನೇ ನೋಡಿದರು. "ತಿಂಗಳ ಕೊನೆಗೆ ಮಳಿಗೆ ಖಾಲಿ ಮಾಡ್ಬಿಡು" ಎಂದರು, ಬೆಳಗಿನ ಕಾಫಿ ತರಲು ಹೇಳುವ ದನಿಯಲ್ಲೇ. ಅಲ್ಲಿ ಅಷ್ಟು ಜನ ನಿಂತಿದ್ದರು. ನನ್ನಿಂದ ಲಾರಿ ರಿಪೇರಿ ಮಾಡಿಸಿಕೊಂಡವರಿದ್ದರು, ನನ್ನ ಜೊತೆ ಟೀ ಕುಡಿದವರಿದ್ದರು. ಒಬ್ಬನಾದರೂ ಒಂದು ಮಾತಾಡಬೇಕಲ್ಲ? ಮೇಸ್ತ್ರಿ ಬಗ್ಗಿ, ಕರಗಿದ ಗೂಡನ್ನು ಕಿತ್ತುಹಾಕಿ, ವೈರಿನ ಎರಡು ತುದಿಗಳನ್ನು ಫ್ಯೂಸಿಲ್ಲದೆಯೇ ಸೇರಿಸಿ ಹೊಸೆದು, ಟೇಪು ಸುತ್ತಿದ. ನಾನು ತಡೆಯಲು ಹೋದಾಗ ಇಬ್ಬರು ರಟ್ಟೆ ಹಿಡಿದುಕೊಂಡರು.

ಆಗ ಮಗುವನ್ನು ಎತ್ತಿಕೊಂಡಿದ್ದವಳು ಮುಂದೆ ಬಂದಳು. ಮಾವನ ಎದುರು ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಆ ವೈರು ಎಲ್ಲಿಂದ ಹೋಗುತ್ತೆ ಅಣ್ಣ?"

"ನಿಮ್ಮ ಸೀಟಿನ ಪಕ್ಕಾನೇ ಅಮ್ಮ. ಹಿಂದಿನ ಹಲಗೆ ಹತ್ರ ತಾಮ್ರ ಕಾಣ್ತಿದೆ."

"ಹಲಗೆ ಹಿಂದೆ ಏನಿದೆ?"

"ಪೆಟ್ರೋಲು."

ಅವಳು ಕಾರ್ಪೆಟ್ ಎತ್ತಿ ವೈರನ್ನು ನೋಡಿದಳು, ನಾನು ಮುಟ್ಟಿದ ಹಾಗೆಯೇ ಮುಟ್ಟಿಯೂ ನೋಡಿದಳು. ನೇರವಾಗಿ ವ್ಯಾನಿಗೆ ಹೋಗಿ ಅತ್ತೆಯ ಪಕ್ಕ ಕುಳಿತು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಚಿಕ್ಕ ಯಜಮಾನ ಹಟದಿಂದ ಕಾರಿನಲ್ಲಿ ಕುಳಿತು ಹಾಡು ಹಾಕಿದ. ಎದೆ ನಡುಗುವ ಹಾಗೆಯೇ ಬಂತು. ಎರಡು ಸಲ ಹಾರನ್ ಮಾಡಿ ವ್ಯಾನಿನ ಕಡೆ ನೋಡಿದ. ಅವಳು ಇಳಿಯಲಿಲ್ಲ. ಅತ್ತೆಯೂ "ಹೋಗಮ್ಮ" ಎನ್ನಲಿಲ್ಲ. ಪಕ್ಕದ ಖಾಲಿ ಸೀಟನ್ನು ನೋಡಿದ. ಆಮೇಲೆ ಹಾಡು ನಿಂತಿತು. ಇಳಿದು ಬಂದು, ನನ್ನ ಮುಖ ನೋಡದೆ, "ಕಟಿಂಗ್ ಪ್ಲೇಯರ್ ಕೊಡು" ಎಂದ. ಕೊಡಲಿಲ್ಲ. ನಾನೇ ಹೋಗಿ ಕತ್ತರಿಸಿದೆ. ಈ ಸಲ ಇಡೀ ವೈರನ್ನು ಕಾರ್ಪೆಟ್ಟಿನಡಿಯಿಂದ ಕಿತ್ತು ಹೊರಗೆಳೆದು ಹಾಕಿದೆ. ಆದರೆ ಯಜಮಾನರು ತಮ್ಮ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ. ನಾನು ಕೇಳಲೂ ಇಲ್ಲ.

ಅವರು ಘಾಟಿಯಿಂದ ಬಂದ ಮೇಲೆ, ಮಧ್ಯಾಹ್ನ ಕಳೆದ ಹೊತ್ತಿಗೆ, ಮೇಸ್ತ್ರಿ ಬಾಳೆಲೆಯಲ್ಲಿ ಪ್ರಸಾದ ಹಿಡಿದು ಬಂದ. "ಚಿಕ್ಕ ಅಮ್ಮಾವ್ರು ಕೊಟ್ರು" ಎಂದ. ನಾನು ಹಲಗೆಯ ಮೇಲಿನ ಸಾಮಾನುಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಪ್ರಸಾದ ತೆಗೆದುಕೊಂಡು ಪಕ್ಕಕ್ಕಿಟ್ಟು ಮತ್ತೆ ಡಬ್ಬ ತುಂಬತೊಡಗಿದೆ. ಅವನು ಹೋಗಲಿಲ್ಲ.

"ಅಣ್ಣ, ನಮ್ಮ ಬೋರ್ಡಲ್ಲೂ ಹಂಗೇ ಕಟ್ಟಿದ್ದೀನಿ. ಎಷ್ಟು ಎಳೆ ಹಾಕ್ಬೇಕು ಅಂತ ಯಾರೂ ಹೇಳ್ಕೊಟ್ಟಿಲ್ಲ."

ಮೈಯೆಲ್ಲ ಉರಿಯಿತು. ಇಷ್ಟನ್ನು ಕೇಳುವುದಕ್ಕೆ ನನ್ನ ಮಳಿಗೆ ಹೋಗಬೇಕಾಗಿತ್ತೇ? ಬಾಯಿಗೆ ಬಂದದ್ದೆಲ್ಲ ಬೈದೆ. ಬೈಯುತ್ತಲೇ ಟೆಸ್ಟರು, ಸ್ಕ್ರೂಡ್ರೈವರು, ಫ್ಯೂಸ್ ತಂತಿಯ ಸುರುಳಿ ತೆಗೆದುಕೊಂಡೆ. ಬೈಯುತ್ತಲೇ ಅವನ ಹಿಂದೆ ಶೆಡ್ಡಿಗೆ ಹೋದೆ. ಒಳಗೆ ಲಾಳಿಗಳು ಬಡಿಯುತ್ತಿದ್ದವು, ನನ್ನ ಬೈಗುಳ ನನಗೇ ಕೇಳಿಸುತ್ತಿರಲಿಲ್ಲ. ಬೋರ್ಡಿನ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಬೆಚ್ಚಗಿತ್ತು. ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದೆ.

ಮಗ್ಗಗಳು ಒಂದೊಂದಾಗಿ ನಿಂತವು. ನೇಯುವವರು ಎದ್ದು ನನ್ನ ಕಡೆ ತಿರುಗಿದರು. ಮಹಡಿಯ ಮೇಲಿನಿಂದ ಯಜಮಾನರ ದನಿ ಬಂತು. ಅವರು ಕೂಗಿದ್ದನ್ನು ಅವತ್ತೇ ನಾನು ಮೊದಲ ಸಲ ಕೇಳಿದ್ದು.

"ಯಾರ್ಲಾ ಅದು ಮಗ್ಗ ನಿಲ್ಸಿದ್ದು?"

"ನಾನು" ಎಂದು ಅಷ್ಟೇ ಜೋರಾಗಿ ಕೂಗಿದೆ. ಬೋರ್ಡಿನ ಮುಚ್ಚಳ ತೆಗೆದು ಮೊದಲನೆಯ ಫ್ಯೂಸನ್ನು ಕಿತ್ತೆ.